ಆರಿಸಿ ಕೊಟ್ಟ ಸಸಿ

ಆ ವರ್ಷ ಪಾಳ್ಯದ ಸುತ್ತಮುತ್ತ ನಂಜುಂಡನ ಸಸಿಮಡಿಯಷ್ಟು ಎತ್ತರ ಯಾರದೂ ಬಂದಿರಲಿಲ್ಲ. ಮಡಿಯಲ್ಲಿ ಅಲ್ಲಲ್ಲಿ ಭತ್ತದ ಸಸಿಗಳು ಉಳಿದವನ್ನು ಮೀರಿ, ತೆಳ್ಳಗೆ, ತಿಳಿಹಸಿರಾಗಿ ಎದ್ದು ನಿಂತಿದ್ದವು. ಇದೆಲ್ಲ ತನ್ನ ಕೈಗುಣ ಎಂದೇ ಅವನು ತಿಳಿದಿದ್ದ. ಬಿತ್ತುವ ಮೊದಲು ಬೀಜಕ್ಕೆ ಔಷಧಿ ಹಚ್ಚಿ ಎಂದು ಕೃಷಿ ಇಲಾಖೆಯವರು ಹೇಳಿದ್ದನ್ನು ಅವನು ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ದಯಾನಂದನ ಹೋಟೆಲಿನಲ್ಲಿ ಕೂತು ಅದನ್ನೂ ಹೇಳಿ ನಗುತ್ತಿದ್ದ.

"ಔಷಧಿ ಹಚ್ಚಿದ ಕಮಲಕ್ಕನ ಮಡಿ ನೋಡಿದ್ರೇನ್ರೋ? ಕೋಳಿ ಹೊಕ್ಕರೂ ಬೆನ್ನು ಮುಚ್ಚಾಕಿಲ್ಲ!"

ಕಮಲಮ್ಮ ಪಕ್ಕದ ಗದ್ದೆಯವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ಮಾಡಿಕೊಂಡಿದ್ದಳು. ನಾಟಿಗೆ ನಂಜುಂಡನ ಮನೆಯವರು ಅಲ್ಲಿಗೆ, ಅವಳು ಇಲ್ಲಿಗೆ ಮುಯ್ಯಾಳಾಗಿ ಹೋಗುವುದು ಹಿಂದಿನಿಂದ ಬಂದದ್ದು. ನಾಟಿಯ ದಿನ ನಂಜುಂಡ ತನ್ನ ಮಡಿಯಿಂದ ಅತಿ ಎತ್ತರದ ಸಸಿಗಳನ್ನೇ ಆರಿಸಿ ಕಿತ್ತು, ಕಟ್ಟು ಕಟ್ಟಿ ಅವಳ ಬದುವಿಗೆ ತಂದು ಹಾಕಿದ.

"ನನ್ನವೇ ಸಾಕು ಬುಡಣ್ಣ" ಎಂದಳು ಕಮಲಮ್ಮ.

"ಇದನ್ನ ನೆಡು. ನಿನ್ನವನ್ನ ದನಕ್ಕೆ ಹಾಕು, ಕಣವ್ವ."

ನಂಜುಂಡನ ಹೆಂಡತಿ ವಿಶಾಲಮ್ಮ, "ಅವಳ ಪಾಡಿಗೆ ಬುಡ್ರೀ" ಎಂದಳು. ಅವನು ಬಿಡಲಿಲ್ಲ. ನಾಲ್ಕು ಜನರ ಮುಂದೆ ಬೇಡವೆನ್ನಲಾಗದೆ ಕಮಲಮ್ಮ ಅವನ್ನೇ ನೆಟ್ಟಳು. ಅವಳ ಗಿಡ್ಡ ಸಸಿಗಳು ದನದ ಬಾಯಿಗೆ ಹೋದವು.

ಶ್ರಾವಣ ಕಳೆಯುವ ಹೊತ್ತಿಗೆ ಕಮಲಮ್ಮನ ಪೈರು ಸೊರಗಿತು. ಉದ್ದಕ್ಕೆ ಬೆಳೆದ ದಂಟುಗಳು ಬಿಳಿಚಿಕೊಂಡು ಒಂದೊಂದಾಗಿ ಒಣಗಿದವು. ಹುಳವಿರಬೇಕೆಂದುಕೊಂಡು ನಂಜುಂಡ ಅವಳ ಗದ್ದೆಯಿಂದ ನಾಲ್ಕು ಗಿಡ ಕಿತ್ತು ಟವೆಲಿನಲ್ಲಿ ಸುತ್ತಿ ಆಲೂರಿನ ಕೃಷಿ ಕಚೇರಿಗೆ ಹೋದ. ಕೃಷಿ ಅಧಿಕಾರಿ ಬುಡ ಬಿಡಿಸಿ, ಅಂಟಿಕೊಂಡಿದ್ದ ಬೆಳ್ಳಗಿನ ಪುಡಿ ತೋರಿಸಿದರು.

"ಹುಳ ಅಲ್ಲ ಯಜಮಾನ್ರೇ, ಇದು ಬೂಷ್ಟು. ಬೀಜದಲ್ಲೇ ಬಂದಿರುತ್ತೆ. ಗಿಡ ಉದ್ದ ಬೆಳೆಯೋ ಹಾರ್ಮೋನನ್ನ ಈ ಬೂಷ್ಟೇ ಮಾಡಿ ಒಳಗೆ ಬಿಡುತ್ತೆ. ಕಾರ್ಖಾನೆಯಲ್ಲಿ ಇದನ್ನೇ ದೊಡ್ಡ ಪಾತ್ರೆಗಳಲ್ಲಿ ಸಾಕಿ, ಹಾರ್ಮೋನು ತೆಗೆದು, ದ್ರಾಕ್ಷಿ ತೋಟಕ್ಕೆ ಸಿಂಪಡಿಸೋಕೆ ಮಾರ್ತಾರೆ. ಅಲ್ಲಿ ಹದವಾಗಿ ಹಾಕಿದರೆ ಹಣ್ಣು ದಪ್ಪ ಆಗುತ್ತೆ. ಭತ್ತದ ಗಿಡ ಮಾತ್ರ ಬೆಳೆದೂ ಬೆಳೆದೂ ಸಾಯುತ್ತೆ, ಉಳಿದರೆ ಜೊಳ್ಳು. ಮಡೀಲಿ ಎತ್ತರ ಕಂಡವನ್ನ ಕಿತ್ತು ಸುಡಬೇಕಿತ್ತು."

"ಎತ್ತರದವನ್ನೇ?"

"ಹೂಂ, ಅವೇ ರೋಗದವು."

ಬಸ್ಸಿನಲ್ಲಿ ಬರುವಾಗ ಪರಿಚಯದವರು ಮಾತಾಡಿಸಿದರೆ ನಂಜುಂಡ ಕಿಟಕಿಯ ಕಡೆ ಮುಖ ತಿರುಗಿಸಿದ. ರೋಗದ ಸಸಿಯನ್ನೆಲ್ಲ ಹುಡುಕಿ ಹುಡುಕಿ ಅವಳಿಗೆ ಕೊಟ್ಟಿದ್ದ. ಅದರಿಂದಲೇ ತನ್ನ ಗದ್ದೆ ಹಸನಾಗಿತ್ತು. ಅಂದಿನಿಂದ ಅವಳ ಬದು ಬಿಟ್ಟು ಕೆರೆ ಏರಿ ಸುತ್ತಿ ಗದ್ದೆಗೆ ಹೋಗತೊಡಗಿದ. ತನ್ನ ಪೈರು ತೆನೆ ಬಿಟ್ಟಾಗ ನೋಡಲೂ ನಾಚಿಕೆಯಾಯಿತು.

ಸುಗ್ಗಿಯಲ್ಲಿ ಕಣದಿಂದಲೇ ಭತ್ತದ ಮೂಟೆಗಳನ್ನು ಗಾಡಿಗೆ ಹೇರಿ ಅವಳ ಮನೆ ಮುಂದೆ ನಿಲ್ಲಿಸಿದ. ಅಧಿಕಾರಿ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿಕೊಂಡು ಒಪ್ಪಿಸಿ, "ತಪ್ಪಾಯ್ತು ಕಮಲಕ್ಕ" ಎಂದ.

"ಭತ್ತ ಇಳ್ಸು, ನಂಗೂ ಉಣ್ಣಕ್ಕೆ ಬೇಕು" ಎಂದಳು ಅವಳು. "ಆದ್ರೆ ನನ್ನ ಸಸಿ ಆಡ್ಕೊಂಡು ನಕ್ಕಿದ್ದು ಹೋಟ್ಲಲ್ಲಿ. ತಪ್ಪಾಯ್ತು ಅನ್ನೋದು ಯಾರೂ ಇಲ್ಲದ ನನ್ನ ಹಟ್ಟೀಲಾ?"

ಅವನು ಮೂಟೆ ಇಳಿಸಿ ನೇರ ಹೋಟೆಲಿಗೆ ಹೋದ. ನಿಂತುಕೊಂಡೇ ಎಲ್ಲರಿಗೂ ಕೇಳುವಂತೆ ನಡೆದದ್ದನ್ನೆಲ್ಲ ಹೇಳಿದ. ದಯಾನಂದ ಲೋಟ ತೊಳೆಯುವುದನ್ನು ನಿಲ್ಲಿಸಿ, "ಅಂದ್ರೆ ರೋಗದ್ದನ್ನೇ ಆರಿಸಿ ಆಯಮ್ಮಂಗೆ ಕೊಟ್ಬುಟ್ಟೆಯಾ, ಮಾರಾಯ?" ಎಂದ.

ಬೇಕೆಂದು ಕೊಡಲಿಲ್ಲ ಎಂದು ನಂಜುಂಡ ಹೇಳಬಹುದಿತ್ತು. ಹೇಳಲಿಲ್ಲ. "ಹೂಂ ಕಣಪ್ಪ, ಆರಿಸೇ ಕೊಟ್ಟೆ." ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು ಎನಿಸಿತು.

ಮುಂದಿನ ಮಳೆಗಾಲ ಕಮಲಮ್ಮ ಮುಯ್ಯಾಳಿಗೆ ಇವರನ್ನು ಕರೆಯಲಿಲ್ಲ. ವಿಶಾಲಮ್ಮ ಕರೆಯದಿದ್ದರೂ ಹೋಗಿ ಕೆಸರಿಗಿಳಿದಳು. ಕಮಲಮ್ಮ ಅವಳ ಮುಖವನ್ನೊಮ್ಮೆ ನೋಡಿ ಒಂದು ಕಟ್ಟು ಸಸಿ ಎಸೆದಳು. ಇಬ್ಬರೂ ಬಗ್ಗಿ ನೆಡತೊಡಗಿದರು. ಗೊಬ್ಬರದ ಬುಟ್ಟಿ ಹೊತ್ತು ಕೆರೆ ಏರಿಯ ಮೇಲೆ ನಿಂತಿದ್ದ ನಂಜುಂಡನಿಗೆ ಕೆಳಗಿಳಿಯಲು ಕಾಲು ಬರಲಿಲ್ಲ.