ಟವೆಲ್ ಕೆಳಗಿನ ಮಾತು

ಹಾವೇರಿಯ ದನದ ಸಂತೆಯಲ್ಲಿ ಹಳೆಯ ದಲಾಲಿಗಳು ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವನ ಕೈ ಮತ್ತು ದಲಾಲಿಯ ಕೈ ಒಂದು ಟವೆಲ್ ಕೆಳಗೆ ಸೇರುತ್ತವೆ. ಎಷ್ಟು ಬೆರಳು ಹಿಡಿದರು ಎಂಬುದರಲ್ಲೇ ಬೆಲೆ. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ಇದರಲ್ಲಿ ಒಂದು ಅನುಕೂಲ ಇದೆ. ವ್ಯಾಪಾರ ಮುರಿದು ಬಿದ್ದರೂ ಯಾರೂ ಯಾರೆದುರಿಗೂ ಸಣ್ಣವರಾಗುವುದಿಲ್ಲ.

ಹಲಗೇರಿಯ ಪುಂಡಲೀಕ ಈ ಸಂತೆಯಲ್ಲೇ ತಲೆಗೂದಲು ನೆರೆಸಿಕೊಂಡ ದಲಾಲಿ. ಅವನ ಒಬ್ಬಳೇ ಮಗಳು ಸ್ನೇಹಾ ಆ ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದಳು. ಒಂದೇ ವಾರದಲ್ಲಿ ಅವಳಿಗೆ ಎರಡು ಕಡೆಯಿಂದ ಕರೆ ಬಂತು. ಸುರತ್ಕಲ್‌ನಲ್ಲಿ ಎಂ.ಟೆಕ್ ಸೀಟು ಸಿಕ್ಕಿತು. ಎಣ್ಣೆ ಬಾವಿ ಕೊರೆಯುವ ಮುಂಬೈನ ಕಂಪನಿಯೊಂದು ರಾಜಸ್ಥಾನದ ಮರಳುಗಾಡಿನಲ್ಲಿ ನೌಕರಿ ಕೊಡುತ್ತೇನೆಂದಿತು. ನೌಕರಿಯ ವಿಷಯ ಬಾಯಿಗೆ ಬರುವ ಮೊದಲೇ ಪುಂಡಲೀಕ ಸೀಟಿನ ಖುಷಿಗೆ ಊರೆಲ್ಲ ಪೇಡೆ ಹಂಚಿಬಿಟ್ಟಿದ್ದ. ನನ್ನ ಮಗಳು ಮುಂದಕ್ಕೆ ಓದುತ್ತಾಳೆ ಎಂದು ಸಂತೆಯಲ್ಲಿ ಎತ್ತಿನ ಕೋಡು ಹಿಡಿದುಕೊಂಡೂ ಹೇಳಿದ್ದ. ಪೇಡೆ ತಿಂದವರ ಎದುರು ಸ್ನೇಹಾ ಏನು ಹೇಳಿಯಾಳು?

ಬುಧವಾರ ಸಂಜೆ ಬ್ಯಾಡಗಿಯಿಂದ ಸ್ನೇಹಾಳ ಸೋದರಮಾವ ಫಕ್ಕೀರಪ್ಪ ಮಾಸ್ತರ ಬಂದಿಳಿದ. ಮರುದಿನ ಸೀಟಿನ ಫೀ ಕಟ್ಟುವುದಿತ್ತು. ಶುಕ್ರವಾರದೊಳಗೆ ಕಂಪನಿಗೆ ಹೂಂ ಅಥವಾ ಊಹೂಂ ಹೇಳುವುದಿತ್ತು.

"ಇನ್ನೊಂದಿಷ್ಟು ವರ್ಷ ತಡೀರಿ, ಮನಿ ಮುಂದ ಡಾಕ್ಟರ್ ಸ್ನೇಹಾ ಅಂತ ಬೋರ್ಡ್ ಬೀಳತೈತಿ," ಎಂದ ಮಾಸ್ತರ.

ಪುಂಡಲೀಕನ ತಾಯಿ ಭರಮವ್ವ ಕಟ್ಟೆಯ ಮೇಲಿಂದಲೇ ಕೇಳಿದಳು. "ಸೂಜಿ ಮಾಡೋ ಡಾಕ್ಟರ ಏನ?"

"ಅಲ್ಲ ಅತ್ತಿ, ಇದು ಓದಿನ ಡಾಕ್ಟರ್."

"ಹಂಗಾದ್ರ ನನ್ನ ಮೊಣಕಾಲಿಗೆ ಉಪಯೋಗಿಲ್ಲ ಬಿಡು."

ಎಲ್ಲರೂ ನಕ್ಕರು. ಸ್ನೇಹಾ ತಟ್ಟೆಯಲ್ಲಿದ್ದ ರೊಟ್ಟಿ ಮುರಿಯುತ್ತಲೇ ಇದ್ದಳು, ತಿನ್ನಲಿಲ್ಲ. ತಾಯಿ ಶೀಲಾ ಇನ್ನೊಂದು ರೊಟ್ಟಿ ತಂದವಳು, "ಸುರತ್ಕಲ್ ಆದ್ರ ಬಸ್ ಹತ್ತಿ ಮಲಗಿದ್ರ ಬೆಳಕಾಗೋದ್ರಾಗ ಮುಟ್ಟತೀವಿ. ಆ ರಾಜಸ್ಥಾನದ ಮರಳುಗಾಡು ಎತ್ತಾಗೈತೋ ಏನೋ," ಎಂದಳು.

ಪುಂಡಲೀಕ ಮಗಳನ್ನೇ ನೋಡುತ್ತಿದ್ದ. "ಕಾಲೇಜ ಹೆಂಗೈತೆವ್ವಾ?"

"ಚಲೋ ಐತಪ್ಪಾ."

"ಹಾಸ್ಟೆಲ್?"

"ಅದೂ ಚಲೋ ಐತಿ."

"ಮತ್ತ ಆ ಎಣ್ಣಿ ಬಾವಿ ನೌಕರಿ?"

"ಅದಾ?" ಸ್ನೇಹಾ ಮೊದಲ ಸಲ ತಲೆ ಎತ್ತಿದಳು. "ಅಲ್ಲಿ ಬಿಸಲು ಭಾಳಪ್ಪಾ. ಮಷೀನ ಹಗಲಿರುಳು ನಿಲ್ಲಂಗಿಲ್ಲ, ಸದ್ದಿಗೆ ಕಿವಿ ಗಡಚಿಕ್ಕತಾವಂತ. ಇರಾಕ ತಗಡಿನ ಡಬ್ಬಿಯಂಥಾ ಖೋಲಿ. ಹುಡುಗ್ಯಾರಂತೂ ಇಲ್ಲೊಬ್ಬಾಕಿ ಅಲ್ಲೊಬ್ಬಾಕಿ. ಇನ್ನ ಬಾವಿ ಕೊರಿಯೋ ಮುಂದ ಕೊಳವಿ ಒಳಗ ಒಂದು ನಮೂನಿ ಕೆಸರು ಬಿಡತಾರ. ಆ ಕೆಸರಿನ ತೂಕ ಚೂರು ಕಮ್ಮಿ ಆತಂದ್ರ ತಳದಾಗಿನ ಒತ್ತಡ ಮ್ಯಾಲ ನುಗ್ಗತೈತಿ. ಸುತ್ತ ಇದ್ದವರಿಗೆಲ್ಲ ಅಪಾಯ." ಅವಳು ಹೇಳುತ್ತಲೇ ಹೋದಳು. ಕೈಯಲ್ಲಿ ರೊಟ್ಟಿಯ ಚೂರು ಹಾಗೇ ಇತ್ತು.

"ಕೇಳಿದ್ರಿಲ್ಲ, ಅಕಿಗೇ ಮನಸಿಲ್ಲ," ಎಂದ ಮಾಸ್ತರ. ಶೀಲಾ ಸಮಾಧಾನದಿಂದ ತಲೆಯಾಡಿಸಿದಳು.

ಪುಂಡಲೀಕ ಮಾತ್ರ ಕೈ ತೊಳೆಯಲು ಎದ್ದ. ಸಂತೆಗೆ ಬರುವ ಗಿರಾಕಿಗಳನ್ನು ಅವನು ಬಹಳ ನೋಡಿದ್ದ. ಎತ್ತು ಬೇಡವಾದವನು ಚಲೋ ಐತಿ, ಚಲೋ ಐತಿ ಎಂದು ಬೆನ್ನು ಸವರಿ ಮುಂದಕ್ಕೆ ಹೋಗುತ್ತಾನೆ. ನಿಜವಾಗಿ ಬೇಕಾದವನು ಬಾಲ ಎತ್ತಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ಕೋಡು ಸೊಟ್ಟ ಎನ್ನುತ್ತಾನೆ, ನಡಿಗೆ ಸರಿಯಿಲ್ಲ ಎನ್ನುತ್ತಾನೆ. ಹೀಗೆ ಕುಂದು ಹುಡುಕಿ ಹೆಸರಿಟ್ಟು ಹೆಸರಿಟ್ಟು ಮತ್ತೆ ಅದೇ ಎತ್ತಿನ ಹತ್ತಿರವೇ ಬರುತ್ತಾನೆ. ಮಗಳು ಈಗ ಹೆಸರಿಟ್ಟಿದ್ದು ಯಾವುದಕ್ಕೆ ಎಂಬುದು ಅವನಿಗೆ ತಿಳಿಯಿತು. ತಿಳಿದದ್ದು ಹಿತವಾಗಲಿಲ್ಲ. ಮರಳುಗಾಡು ಅವನಿಗೂ ದೂರವೇ.

ಗುರುವಾರ ಮುಂಜಾನೆ ಅಪ್ಪ ಮಗಳು ರಾಣೇಬೆನ್ನೂರಿಗೆ ಬಂದು ಹಾವೇರಿ ಬಸ್ ಹತ್ತಿದರು. ಅವಳು ಬ್ಯಾಂಕಿಗೆ, ಅವನು ಸಂತೆಗೆ. ಹಾವೇರಿಯಲ್ಲಿ ಇಳಿದ ಕೂಡಲೇ ಪುಂಡಲೀಕ, "ಮೊದಲ ನನ್ನ ಜೋಡಿ ಸಂತಿಗೆ ಬಾ, ಆಮ್ಯಾಲ ಬ್ಯಾಂಕಿಗೆ ಹೋಗೂಣಂತ," ಎಂದ.

ಸಂತೆ ಆಗಲೇ ತುಂಬಿತ್ತು. ಎತ್ತು, ಹೋರಿ, ಆಕಳುಗಳ ನಡುವೆ ದಾರಿ ಮಾಡಿಕೊಂಡು ಅವನು ಒಂದು ಬೇವಿನ ಮರದ ಕೆಳಗೆ ನಿಂತ. ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಬಲಗೈ ಮೇಲೆ ಹರಡಿದ.

"ಕೈ ಕೊಡು."

"ಅಪ್ಪಾ, ಏನ್ ಮಾಡಾಕತ್ತಿ? ಮಂದಿ ನೋಡಾಕತ್ತಾರ."

"ನೋಡ್ಲಿ. ಟವೆಲ್ ಇರೋದ ಅದಕ್ಕ. ಒಂದು ಬೆರಳು ಹಿಡದ್ರ ನೌಕರಿ. ಎರಡು ಹಿಡದ್ರ ಓದು. ಬಾಯಿ ಬಿಡಬ್ಯಾಡ."

"ಮನ್ಯಾಗ ಕೇಳಬಹುದಿತ್ತಲ್ಲ."

"ಮನಿ ಮಂದಿ ಮುಂದ ನಿನ್ನ ಬಾಯಿಂದ ಬರೇ ಚಲೋ ಐತಿ ಅಂತ ಬರತೈತಿ."

ಬದಿಯಲ್ಲಿ ಹೋರಿ ಹಿಡಿದು ನಿಂತಿದ್ದ ಇನ್ನೊಬ್ಬ ದಲಾಲಿ ಶಮಶೇರಸಾಬ ಬೀಡಿ ಕೆಳಗಿಳಿಸಿ ನೋಡಿದ. "ಪುಂಡಲೀಕಣ್ಣ, ಮಗಳನ್ನೂ ಈ ಧಂದೇಕ ಹಚ್ಚಿದಿ ಏನು? ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡೋ ಮಾರಾಯ."

"ನಡುವ ಬಾಯಿ ಹಾಕಬ್ಯಾಡ ಸಾಬ, ದೊಡ್ಡ ವ್ಯಾಪಾರ ನಡದೈತಿ."

ಸ್ನೇಹಾ ಕೈ ಒಳಗಿಟ್ಟಳು. ಆ ಕೈ ಅಪ್ಪನ ತೋರುಬೆರಳನ್ನು ಹಿಡಿಯಿತು. ಒಂದೇ ಬೆರಳು.

ಸಂತೆಯ ರೂಢಿಯಲ್ಲಿ ಮೊದಲ ಬೆಲೆಗೆ ಯಾರೂ ಒಪ್ಪುವುದಿಲ್ಲ. ಪುಂಡಲೀಕ ತಿರುಗಿಸಿ ಅವಳ ಎರಡು ಬೆರಳು ಹಿಡಿದ. ಅವಳು ಬಿಡಿಸಿಕೊಂಡು ಮತ್ತೆ ಒಂದೇ ಹಿಡಿದಳು. ಅವನು ಇನ್ನೊಮ್ಮೆ ಎರಡು ಹಿಡಿದ. ಈ ಸಲ ರೂಢಿಗಾಗಿ ಅಲ್ಲ, ತನ್ನ ಆಸೆಗಾಗಿ. ಮೂರನೆಯ ಸಲ ಬಂದ ಅವಳ ಹಿಡಿತ ಮೊದಲಿನೆರಡಕ್ಕಿಂತ ಬಿಗಿಯಾಗಿತ್ತು. ಚಿಕ್ಕವಳಿದ್ದಾಗ ರಸ್ತೆ ದಾಟುವಾಗಲೂ ಅವಳು ಹೀಗೆ ಹಿಡಿದಿರಲಿಲ್ಲ.

ದಲಾಲಿಗೆ ತನ್ನದೇ ಒಂದು ಬೆಲೆ ಇರಬಾರದು. ಪುಂಡಲೀಕ ಮಗಳ ಕೈಯನ್ನು ಪೂರ್ತಿ ಹಿಡಿದು ಒಮ್ಮೆ ಕುಲುಕಿದ. ವ್ಯಾಪಾರ ಮುಗಿಯಿತೆಂದು ಅದರ ಅರ್ಥ.

ಸ್ನೇಹಾಳ ಕಣ್ಣು ತುಂಬಿದವು. "ಅಪ್ಪಾ, ಅವ್ವಗ ಮಾಮಾಗ ನೀನ ಹೇಳು."

"ಆಗಂಗಿಲ್ಲ. ಟವೆಲ್ ಕೆಳಗ ಆಗಿದ್ದನ್ನ ದಲಾಲಿ ಬಾಯಿ ಬಿಡಂಗಿಲ್ಲ. ಒಪ್ಪಂದ ಆದ ಮ್ಯಾಲ ಮಾಲಿನ ಒಡೆಯನ ಹೇಳಬೇಕು. ಇಲ್ಲಿ ಒಡತಿ ನೀನು. ಮೊದಲ ಮುಂಬೈಕ ಫೋನ್ ಹಚ್ಚು."

ಅವಳು ಬೇವಿನ ಮರದ ಬುಡದಲ್ಲೇ ನಿಂತು ಕಂಪನಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಮಾತಾಡಿದಳು. ಹುಡುಗಿಯರಿಗೆ ಬಾವಿಯ ಜಾಗ ಕಷ್ಟ, ನಿಮ್ಮನ್ನು ಮೊದಲು ಮುಂಬೈ ಆಫೀಸಿನಲ್ಲೇ ಇಡೋಣ ಎಂದಿದ್ದೇವೆ ಎಂದಳು. ಸ್ನೇಹಾ, ನನಗೆ ಬಾವಿಯ ಹತ್ತಿರದ ಕೆಲಸವೇ ಬೇಕು, ಆಫೀಸಾದರೆ ನಾನು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲೇ ಹೇಳಿದಳು. ಪಕ್ಕದಲ್ಲೊಂದು ಹೋರಿ ಕೂಗಿತು. ಅವಳು ಸಮಜಾಯಿಷಿ ಕೊಡಲಿಲ್ಲ, ಕ್ಷಮಿಸಿ ಎನ್ನಲಿಲ್ಲ, ಆಫೀಸಾದರೂ ನಡೆದೀತು ಎನ್ನಲಿಲ್ಲ. ಕೊನೆಗೆ ಆ ಹೆಂಗಸು ನಕ್ಕಳು. ನಿಮ್ಮ ಪಕ್ಕದಲ್ಲಿ ಕೂಗಿದ್ದು ಏನು ಎಂದು ಕೇಳಿ, ಜುಲೈ ತಿಂಗಳ ತಂಡದಲ್ಲಿ ನಿಮ್ಮ ಹೆಸರನ್ನು ಬಾವಿಗೇ ಹಾಕುತ್ತೇನೆ ಎಂದಳು.

ಬ್ಯಾಂಕಿಗೆ ಹೋಗದೆ ಇಬ್ಬರೂ ಮನೆಗೆ ಬಂದರು. ಶೀಲಾ ಬಾಗಿಲಲ್ಲೇ ಕೇಳಿದಳು. "ಫೀ ಕಟ್ಟಿ ಬಂದ್ರೇನು?"

"ಇಲ್ಲವ್ವಾ," ಎಂದಳು ಸ್ನೇಹಾ. "ಕಟ್ಟಂಗಿಲ್ಲ. ನಾ ಬಾವಿ ನೌಕರಿಗೆ ಹೊಂಟೇನಿ."

ಮಾಸ್ತರ ಕುರ್ಚಿಯಿಂದ ಎದ್ದು ಪುಂಡಲೀಕನ ಕಡೆ ತಿರುಗಿದ. "ನೀವರೆ ಒಂದು ಮಾತು ಹೇಳ್ರಲ್ಲ."

"ನಾ ಏನ್ ಹೇಳ್ಲಿ? ಅಕಿ ಬಾಳೇವು, ಅಕಿನ ಹೇಳತಾಳ," ಎಂದು ಪುಂಡಲೀಕ ಕಾಲು ತೊಳೆಯಲು ಕುಳಿತ.

"ಇಂಥಾ ಸೀಟು ಬಿಡತಾರೇನ ಸ್ನೇಹಾ?" ಎಂದ ಮಾಸ್ತರ. "ಊರೆಲ್ಲ ಪೇಡೆ ತಿಂದೈತಿ."

ಸ್ನೇಹಾ ಮಾವನ ಎದುರು ಬಂದು ನಿಂತಳು. "ಪೇಡೆ ನಾನೂ ತಿಂದೇನಿ ಮಾಮಾ. ಓದು ಬಿಟ್ಟಿಲ್ಲ. ಮಷೀನ, ಒತ್ತಡ ಅಂತೆಲ್ಲ ನಾಕ್ ವರ್ಷ ಪುಸ್ತಕದಾಗ ನೋಡೇನಿ, ಒಂದು ಬಾವಿ ಕಣ್ಣಿಲೆ ನೋಡಿಲ್ಲ. ನೋಡಲಾರದ ಮುಂದ ಓದಾಕ ಹೋದ್ರ ಏನ್ ಕೇಳಬೇಕು ಅನ್ನೋದ ನನಗ ಗೊತ್ತಾಗಂಗಿಲ್ಲ. ನೋಡಿ ಬಂದು ಓದತೇನಿ. ಆವಾಗ ಗ್ಯಾರಂಟಿ ಡಾಕ್ಟರ್ ಆಗತೇನಿ, ಬೋರ್ಡ್ ನೀವ ಬರಸ್ರಿ."

ಮಾಸ್ತರನಿಗೆ ಒಳ್ಳೆಯ ಉತ್ತರ ಬರೆದ ಮಕ್ಕಳಿಗೆ ಅಂಕ ಕೊಟ್ಟೇ ಅಭ್ಯಾಸ. ಅವನು ಮತ್ತೆ ಕುಳಿತ.

ಶೀಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ವರ್ಷಕ್ಕ ಎಷ್ಟು ದಿನ ರಜಾ ಕೊಡತಾರ?"

"ತಿಂಗಳು ದುಡೀಬೇಕವ್ವಾ, ತಿಂಗಳು ರಜಾ."

"ಅಂದ್ರ ಅರ್ಧಾ ವರ್ಷ ಮನ್ಯಾಗ ಇರತಿ?"

"ಹೌದು."

"ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?" ಎಂದು ಶೀಲಾ ಅಣ್ಣನ ಕಡೆ ತಿರುಗಿದಳು. "ನಿಮ್ಮ ಸಾಲ್ಯಾಗ ಸೈತ ಇಷ್ಟು ರಜಾ ಇಲ್ಲಲ್ಲೋ ಅಣ್ಣಾ."

ಸ್ನೇಹಾ ಜುಲೈನಲ್ಲಿ ಹೋದಳು. ಮೊದಲ ತಿಂಗಳು ಫೋನಿನಲ್ಲಿ ಬಿಸಿಲಿಗೆ, ಊಟಕ್ಕೆ, ಸದ್ದಿಗೆ ಹೆಸರಿಟ್ಟಳು. ಶೀಲಾ ಕಂಗಾಲಾದರೆ ಪುಂಡಲೀಕ ನಿಶ್ಚಿಂತೆಯಿಂದ ಎಲೆ ಅಡಿಕೆ ಹಾಕಿಕೊಂಡ.

ದೀಪಾವಳಿ ಮುಂದೆ ಎರಡನೆಯ ರಜೆಗೆ ಅವಳು ರಾಣೇಬೆನ್ನೂರು ಸ್ಟೇಷನ್ನಿನಲ್ಲಿ ಇಳಿದಾಗ ಮೂಗಿನ ತುದಿ ಸುಟ್ಟು ಕಪ್ಪಾಗಿತ್ತು, ನಡಿಗೆ ಜೋರಾಗಿತ್ತು. ಮನೆಗೆ ಬಂದು ಚಹಾ ಕುಡಿಯುತ್ತ ಹಿಂದಿನ ವಾರದ ಸಂಗತಿ ಹೇಳಿದಳು. ಬಾವಿ ಕೊರೆಯುತ್ತಿದ್ದಾಗ ವಾಪಸು ಬರುವ ಕೆಸರು ತೊಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಏರುತ್ತಿದ್ದುದನ್ನು ಅವಳು ಕಂಡಿದ್ದಳು. ತಳದಿಂದ ಒತ್ತಡ ನುಗ್ಗುತ್ತಿದೆ ಎಂದು ಅದರ ಅರ್ಥ. ಹಿರಿಯ ಎಂಜಿನಿಯರ್ ಬಾವಿಯ ಅತ್ತ ಕಡೆ ಇದ್ದ. ಹೋಗಿ ಕೇಳಿ ಬರುವಷ್ಟು ಸಮಯ ಇರಲಿಲ್ಲ. ಆ ಸದ್ದಿನಲ್ಲೇ ಅವಳು ಎರಡೂ ಕೈ ಎತ್ತಿ, ನಿಲ್ಲಿಸಿ ಎಂದು ಗಂಟಲು ಹರಿಯುವಂತೆ ಕೂಗಿದಳು. ಬಾವಿಯ ಬಾಯಿ ಮುಚ್ಚಿದರು. ಯಾರಿಗೂ ಏನೂ ಆಗಲಿಲ್ಲ.

ಶೀಲಾ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು. "ಅಷ್ಟು ಮಂದಿ ಗಂಡಸರು, ನಿನ್ನ ಒಂದು ಮಾತಿಗೆ ನಿಂತ್ರಾ?"

"ನಿಂತ್ರವ್ವಾ," ಎಂದಳು ಸ್ನೇಹಾ. "ಮಷೀನ ಸೈತ ನಿಂತತು."