ಕೈಕಟ್ಟಿ ಕೂರುವ ಪಾಠ

ಗಾನವಿಯ ಕೈ ಸುಮ್ಮನಿರುವ ಜಾತಿಯದಲ್ಲ. ಯಾರದಾದರೂ ತಟ್ಟೆ ಖಾಲಿ ಕಂಡರೆ ಅದು ತಾನಾಗಿ ಸೌಟು ಹುಡುಕುತ್ತದೆ. ವಯಸ್ಸಾದವರು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಅವರಿಗಿಂತ ಮೊದಲೇ ಚಪ್ಪಲಿ ಹಿಡಿದಿರುತ್ತದೆ. ಹಾಸನದ ಕಡೆಯ ತುಂಬಿದ ಮನೆಯಲ್ಲಿ ಬೆಳೆದವಳಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಅಮೆರಿಕದ ಸ್ಯಾನ್ ಹೊಸೆಯಲ್ಲಿ ಮಗಳು ಹೈಸ್ಕೂಲು ಸೇರಿದ ಮೇಲೆ, ಮನೆಯಲ್ಲಿ ಕೂತು ಬೇಜಾರಾಗಿ ಎಲ್‌ವಿಎನ್ ಎಂಬ ನರ್ಸಿಂಗ್ ಕೋರ್ಸಿಗೆ ಸೇರಿದಳು. ಈ ಕೆಲಸಕ್ಕೆ ಇಂಥ ಕೈಯೇ ಬೇಕಲ್ಲವೇ ಎಂಬ ಧೈರ್ಯ ಅವಳದು.

ಬಿಪಿ ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಇನ್ಸುಲಿನ್ ಚುಚ್ಚುವುದು, ಎಲ್ಲವೂ ಬೇಗ ಕೈಗೆ ಹತ್ತಿತು. ಅರ್ಧ ವಯಸ್ಸಿನ ಸಹಪಾಠಿಗಳು ಡೌಟು ಕೇಳಲು ಇವಳ ಬಳಿಗೇ ಬರುತ್ತಿದ್ದರು. ನಲವತ್ತು ದಾಟಿ ಮತ್ತೆ ಪರೀಕ್ಷೆ ಪಾಸಾಗುವ ಸುಖ ಅನುಭವಿಸಿದವರಿಗೇ ಗೊತ್ತು. ಕೊನೆಗೆ ಉಳಿದದ್ದು ನಿಜವಾದ ರೋಗಿಗಳ ಜೊತೆಗಿನ ಕೆಲಸ. ಅದಕ್ಕೆ ಅವಳನ್ನು ಫ್ರೀವೇ ಪಕ್ಕದ, ಕಾಯಿಲೆಯಿಂದ ಎದ್ದವರು ಚೇತರಿಸಿಕೊಳ್ಳುವ ಒಂದು ರಿಹ್ಯಾಬ್ ಸೆಂಟರಿಗೆ ಹಾಕಿದರು. ಅಲ್ಲಿ ಸಿಕ್ಕವರೇ ಬಂಗಾರೆವ್ವ.

ಬಂಗಾರೆವ್ವ ಗದಗಿನವರು. ಫಾಸ್ಟರ್ ಸಿಟಿಯಲ್ಲಿ ಮಗ ಅಡಿವೆಪ್ಪನ ಮನೆಯಲ್ಲಿದ್ದಾಗ ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು. ಕಸುವು ಮರಳಬೇಕಾದರೆ ಆ ಕೈಯಿಂದಲೇ ಕೆಲಸ ಮಾಡಿಸುತ್ತಿರಬೇಕು ಎಂದು ಥೆರಪಿಸ್ಟ್ ಹೇಳಿದ್ದ. ಸದ್ಯಕ್ಕೆ ಊಟಕ್ಕಾದರೂ ಎಡಗೈಯಲ್ಲಿ ಚಮಚ ಹಿಡಿಯಿರಿ ಎಂದರೆ, ಎಡಗೈಯಲ್ಲಿ ಉಣ್ಣುವುದುಂಟೇ ಎಂದು ಬಂಗಾರೆವ್ವ ಮುಖ ತಿರುಗಿಸಿದ್ದರು. ಸರಿ, ಬಲಗೈಯಲ್ಲೇ ಉಣ್ಣಲಿ, ಅದೇ ಒಳ್ಳೆಯ ವ್ಯಾಯಾಮ ಎಂದು ತೀರ್ಮಾನವಾಯಿತು. ಅಡಿವೆಪ್ಪ ಆಫೀಸಿಗೆ ಹೋಗುವ ದಾರಿಯಲ್ಲಿ ಡಬ್ಬಿ ತುಂಬ ಜೋಳದ ನುಚ್ಚು, ಮೊಸರು ಇಟ್ಟು ಹೋಗುತ್ತಿದ್ದ.

ದಿನಾ ಡಬ್ಬಿ ಖಾಲಿಯಾಗುತ್ತಿತ್ತು, ಎಲ್ಲರಿಗೂ ಸಂತೋಷ. ಕೈ ಮಾತ್ರ ಇದ್ದಂತೆಯೇ ಇತ್ತು. ಇರದೇನು ಮಾಡೀತು, ಡಬ್ಬಿ ಖಾಲಿ ಮಾಡಿಸುತ್ತಿದ್ದವಳು ಗಾನವಿ. ತಾಯಿಯ ವಯಸ್ಸಿನವರು ನುಚ್ಚನ್ನು ಮಡಿಲಿಗೆ ಚೆಲ್ಲಿಕೊಂಡು ಕಣ್ಣು ತುಂಬಿಕೊಂಡರೆ ಎದುರು ಕೂತು ನೋಡಲು ಅವಳ ಕರುಳು ಕೇಳುತ್ತಿರಲಿಲ್ಲ. ಗ್ಲೌಸು ಹಾಕಿಕೊಂಡು ತುತ್ತು ಕಟ್ಟಿ ಬಾಯಿಗಿಡುತ್ತಿದ್ದಳು. ಬಂಗಾರೆವ್ವ ಗದಗಿನ ಸುದ್ದಿ ಹೇಳುತ್ತಾ ಹಾಯಾಗಿ ಉಣ್ಣುತ್ತಿದ್ದರು.

ಒಂದು ಮಧ್ಯಾಹ್ನ ಇದನ್ನು ಇನ್‌ಸ್ಟ್ರಕ್ಟರ್ ಡೊಲೋರೆಸ್ ಬಾಗಿಲಲ್ಲಿ ನಿಂತು ನೋಡಿದರು. ಫಿಲಿಪೀನ್ಸಿನಿಂದ ಬಂದ, ನರ್ಸ್ ಕೆಲಸದಲ್ಲೇ ತಲೆ ನರೆತ ಹೆಂಗಸು. ದನಿ ಎತ್ತುವ ಅಭ್ಯಾಸವೇ ಇಲ್ಲ. ಗಾನವಿಯನ್ನು ಕಾರಿಡಾರಿಗೆ ಕರೆದು ಮೆತ್ತಗೆ ಹೇಳಿದರು: ನೀನು ಅವರಿಗೆ ಊಟ ಕೊಡುತ್ತಿಲ್ಲ, ಅವರ ಕೈಯನ್ನು ಕಸಿದುಕೊಳ್ಳುತ್ತಿದ್ದೀಯ. ಶುಕ್ರವಾರ ನಿನ್ನ ಕೊನೆಯ ಪರೀಕ್ಷೆ. ಅವತ್ತೂ ಅವರ ಕೆಲಸ ನೀನು ಮಾಡಿದರೆ ಫೇಲು, ಈ ಟರ್ಮು ಮತ್ತೆ ಮೊದಲಿಂದ.

ಗಾನವಿಗೆ ಮೈಯೆಲ್ಲ ಉರಿಯಿತು. ಹಿರಿಯರಿಗೆ ಉಣಿಸಿದ್ದಕ್ಕೆ ಬೈಸಿಕೊಂಡದ್ದು ಜನ್ಮದಲ್ಲಿ ಇದೇ ಮೊದಲು. ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕೂತು ಚೆನ್ನಾಗಿ ಅತ್ತಳು. ಅತ್ತು ಹಗುರಾದ ಮೇಲೆ ಬಂಗಾರೆವ್ವನ ಕೈ ಕಣ್ಣ ಮುಂದೆ ಬಂತು. ಹಾಗೆಯೇ ಕೈ ಸೋತಿದ್ದ ಪಕ್ಕದ ಕೋಣೆಯ ಮುದುಕರೊಬ್ಬರು ಅದೇ ವಾರಗಳಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತಿದ್ದರು. ಡೊಲೋರೆಸ್ ಹೇಳಿದ್ದು ನಿಜ, ಅದೇ ಹೆಚ್ಚು ನೋಯಿಸಿತು.

ಶುಕ್ರವಾರ ಡೊಲೋರೆಸ್ ಮೂಲೆಯ ಕುರ್ಚಿಯಲ್ಲಿ ಕೂತರು. ಗಾನವಿ ಬಂಗಾರೆವ್ವನ ಕೈ ತೊಳೆಸಿದಳು, ಬೆನ್ನಿಗೆ ದಿಂಬು ಕೊಟ್ಟಳು, ಮೊಣಕೈ ಕೆಳಗೆ ಟವೆಲು ಸುತ್ತಿಟ್ಟಳು, ನುಚ್ಚಿಗೆ ಮೊಸರು ಕಲಸಿದಳು. ಅಲ್ಲಿಗೆ ಅವಳು ಮಾಡಬಹುದಾದದ್ದು ಮುಗಿಯಿತು. ಪಕ್ಕದ ಸ್ಟೂಲಿನಲ್ಲಿ ಕೂತು ಎರಡೂ ಅಂಗೈಗಳನ್ನು ತೊಡೆಯಡಿ ಹಾಕಿಕೊಂಡಳು.

ಬಂಗಾರೆವ್ವ ಬಾಯಿ ತೆರೆದು ಕಾದರು. ತುತ್ತು ಬರಲಿಲ್ಲ.

"ಯಾಕವ್ವಾ, ನನ್ನ ಮ್ಯಾಲೆ ಸಿಟ್ಟಾಗೀಯೇನು?"

"ಸಿಟ್ಟೇನಿಲ್ಲಮ್ಮ. ನಾನು ತಿನ್ಸಿ ತಿನ್ಸಿ ನಿಮ್ಮ ಕೈ ಕೆಡಿಸ್ಬಿಟ್ಟೆ. ಇವತ್ತು ನೀವೇ ಊಟ ಮಾಡ್ಬೇಕು."

"ನಿಮ್ಮ ಮನ್ಯಾಗ ಹಿರೇರನ್ನ ಹಿಂಗ ಉಪಾಸ ಕೆಡವತಾರೇನು?"

ಗಾನವಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಡೊಲೋರೆಸ್‌ಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು, ಆದರೂ ಅವರು ಕದಲಲಿಲ್ಲ. ಗಾನವಿ ಇನ್ನಷ್ಟು ಭಾರ ಹಾಕಿ ತನ್ನ ಕೈಗಳ ಮೇಲೆ ಕೂತಳು.

ಸಿಟ್ಟಿನಲ್ಲಿ ಬಂಗಾರೆವ್ವ ತಾವೇ ಬಟ್ಟಲಿಗೆ ಕೈ ಹಾಕಿದರು. ನುಚ್ಚು ಮಡಿಲಿಗೆ ಬಿತ್ತು. ಮತ್ತೆ ಹಾಕಿದರು, ಈ ಸಲ ಸೀರೆಯ ಸೆರಗಿಗೆ. ನುಚ್ಚನ್ನು ಬೈದರು, ಅಮೆರಿಕವನ್ನು ಬೈದರು, ಇಲ್ಲಿಗೆ ಕರೆತಂದ ಅಡಿವೆಪ್ಪನನ್ನೂ ಬಿಡಲಿಲ್ಲ. ಬೈಯುತ್ತಾ ಬೈಯುತ್ತಾ ಬೆರಳುಗಳು ಹೇಗೋ ಒಂದಕ್ಕೊಂದು ಕೂಡಿ ಸಣ್ಣದೊಂದು ತುತ್ತಾಯಿತು. ಕೈ ಮೇಲೆದ್ದಿತು. ಎದೆ ದಾಟಿತು, ಗದ್ದದ ಹತ್ತಿರ ಬಂತು.

ಕೈ ಬಾಯಿಗೆ ಹೋಗಲಿಲ್ಲ. ಅಲ್ಲಿಂದ ತಿರುಗಿ ಗಾನವಿಯ ಕಡೆ ಚಾಚಿತು.

"ಆ ಅನ್ನು," ಎಂದರು ಬಂಗಾರೆವ್ವ. "ಇಷ್ಟ ದಿನ ನೀ ಉಣಿಸೀದಿ."

ರೋಗಿಯ ಊಟವನ್ನು ನರ್ಸು ಬಾಯಿಗಿಡಬಾರದೆಂಬುದು ಕೋರ್ಸಿನ ಮೊದಲ ವಾರದ ಪಾಠ. ಗಾನವಿ ಡೊಲೋರೆಸ್ ಕಡೆ ನೋಡಿದಳು. ಅವರು ಆ ಕೈಯನ್ನೇ ನೋಡುತ್ತಿದ್ದರು. ಕೈ ನಡುಗುತ್ತಾ ಕಾಯುತ್ತಿತ್ತು. ಫೇಲಾದರೆ ಆಗಲಿ ಎಂದು ಗಾನವಿ ಬಾಯಿ ತೆರೆದಳು. ಅರ್ಧ ತುತ್ತು ಬಾಯೊಳಗೆ ಹೋಯಿತು, ಅರ್ಧ ಯೂನಿಫಾರ್ಮಿನ ಮೇಲೆ ಬಿತ್ತು. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಡೊಲೋರೆಸ್ ಕಣ್ಣೊರೆಸಿಕೊಂಡು ಎದ್ದರು. ರೂಲು ಮುರಿದದ್ದಕ್ಕೆ ಸೋಮವಾರ ಬೈಯುತ್ತೇನೆ, ಇವತ್ತಿಗೆ ಪಾಸು ಎಂದರು.

ಆ ಸಂತೋಷಕ್ಕೆ ಗಾನವಿಯ ಬಲಗೈ ತೊಡೆಯಡಿಯಿಂದ ತಾನಾಗಿ ಹೊರಬಂದು ಬಟ್ಟಲ ಕಡೆ ಹೊರಟಿತು. ಬಂಗಾರೆವ್ವ ಅದನ್ನು ತಮ್ಮ ಮಣಿಕಟ್ಟಿನಿಂದ ಆಚೆ ತಳ್ಳಿದರು.

"ಕೈ ತಗೀ," ಎಂದರು. "ನಂದು ನಾ ಉಣ್ಣತೀನಿ."