ಗುರುಸಾಮಿ ಕೇಳಿದ ಹಾಲು

ಗುರುಸಾಮಿಯ ತಲೆ ಬಲಕ್ಕೆ ಹೊರಟಿತ್ತು, ಕಾಲು ಎಡಕ್ಕೆ ಹೊರಟಿತ್ತು. ನಡುವೆ ಚಟ್ಟ ಗಾಣದ ಮರದ ಹಾಗೆ ಗಿರ್ರನೆ ಸುತ್ತುತ್ತಿತ್ತು.

ತಲೆಯ ಕಡೆ ಹೆಗಲು ಕೊಟ್ಟು ಬಲಕ್ಕೆ ಎಳೆಯುತ್ತಿದ್ದವನು ಟೀ ಅಂಗಡಿಯ ಮುತ್ತುಸಾಮಿ, ಸತ್ತವನ ಜೀವದ ಗೆಳೆಯ. ಕಾಲಿನ ಕಡೆಯ ಬಿದಿರು ಹಿಡಿದು ಎಡಕ್ಕೆ ಜಗ್ಗುತ್ತಿದ್ದವನು ಸತ್ತವನ ಒಡಹುಟ್ಟಿದ ಅಣ್ಣ ಬೆಳ್ಳಿಯಪ್ಪ. ಮಗ ಕಾರ್ತಿ ಕೈಯಲ್ಲಿ ಬೆಂಕಿಯ ಮಡಕೆ ಹಿಡಿದು, ಯಾವ ಕಡೆ ಮುಂದಾಗಬೇಕೆಂದು ತಿಳಿಯದೆ ತಾನೂ ಚಟ್ಟದ ಜೊತೆ ಸುತ್ತುತ್ತಿದ್ದ. ತಮಟೆಯವರಿಗೆ ಮಾತ್ರ ಸಂಭ್ರಮ. ಇಷ್ಟು ಹೊತ್ತು ನಿಂತಲ್ಲೇ ಬಾರಿಸುವ ಯೋಗ ಅವರಿಗೆ ಮದುವೆಗಳಲ್ಲೂ ಸಿಕ್ಕಿರಲಿಲ್ಲ.

ಎಡಕ್ಕೆ ಹೋದರೆ ಮಸಣ. ಬಲಕ್ಕೆ ಹೋದರೆ ನಗರಸಭೆಯ ಟೌನ್ ಹಾಲ್.

ನೂಲುಪೇಟೆಯ ಮೂರುದಾರಿಯಲ್ಲಿ ಅಂಥ ಜಗಳ ಮೈಸೂರಿನ ದಂಡು ಬಂದ ಕಾಲದಲ್ಲೂ ಆಗಿರಲಿಲ್ಲ. ಈ ಕಡೆ ಅವಿನಾಶಿಯವರೆಗೆ, ಆ ಕಡೆ ಸೂಲೂರಿನವರೆಗೆ ಬಸ್ಸು ಲಾರಿಗಳು ನಿಂತುಬಿಟ್ಟವು. ಇದೇನು ಗಲಾಟೆ ಎಂದು ನೋಡಲು ಸೂಲೂರಿನ ವಾಯುಪಡೆಯ ವಿಮಾನಗಳೆಲ್ಲ ತಗ್ಗಿ ಹಾರಿದವು ಅನ್ನುವವರೂ ಇದ್ದಾರೆ. ಅದು ಶುದ್ಧ ಉತ್ಪ್ರೇಕ್ಷೆ. ತಗ್ಗಿದ್ದು ಒಂದೇ ವಿಮಾನ.

“ಏ ಮುತ್ತುಸಾಮಿ, ಬಿಡಯ್ಯಾ ಕೈಯ! ಹೆಣ ಏನು ಊರು ಸುತ್ತೋಕೆ ಹೊಂಟದಾ? ಸೀದಾ ಮಸಣಕ್ಕೆ ಹೋಗ್ಬೇಕು. ತಾತನ ಕಾಲದಿಂದ ಬಂದ ಮುರೈ ಇದು, ಪದ್ಧತಿ!”

“ಕಡೇ ಆಸೆಂಗೋ ಅಣ್ಣಾ!” ಮುತ್ತುಸಾಮಿಯ ಮನೆಮಾತು ತಮಿಳು. ಗುರುಸಾಮಿಯ ಜೊತೆ ಕೂತು ಕೂತು ಕನ್ನಡವೂ ಅಂಟಿಕೊಂಡಿತ್ತು. “ಅವ ಬಾಯಿಬಿಟ್ಟು ಕೇಳಿದ್ದು ಹಾಲುಂಗೋ!”

“ಕೇಳ್ದ, ಕೊಟ್ವಲ್ಲ! ಈ ಕೈಯಾರ ನಾನೇ ಬಿಟ್ನಲ್ಲ!”

“ನೀವು ಬಿಟ್ಟಿದ್ದು ಪಾಲುಂಗೋ, ಕುಡಿಯೋ ಪಾಲು. ಅವ ಕೇಳಿದ್ದು ಹಾಲು!”

*

ತಪ್ಪು ಯಾರದೂ ಅಲ್ಲ. ತಪ್ಪೆಲ್ಲ ಭಾಷೆಯದು.

ಗುರುಸಾಮಿಯ ಮನೆ ಕನ್ನಡದ ಮನೆ. ಮಗ್ಗ ಹೊತ್ತುಕೊಂಡು ಈ ತಮಿಳು ಸೀಮೆಗೆ ಬಂದವರ ಮನೆ. ಆ ಮನೆಯಲ್ಲಿ ಯಾವ ಪದವೂ ಬೋಳಾಗಿ ನಿಲ್ಲುವುದಿಲ್ಲ. ಬಸ್ ಬಸ್ಸಾಗುತ್ತದೆ, ಮಿಲ್ ಮಿಲ್ಲಾಗುತ್ತದೆ, ಟೌನ್ ಹಾಲ್ ಟೌನ್ ಹಾಲು ಆಗುತ್ತದೆ. ಹಿಂದಿನ ದಿನ ಬೆಳಗ್ಗೆ ಗುರುಸಾಮಿ ಕಣ್ಣು ಬಿಟ್ಟು, ಸುತ್ತ ಕೂತವರನ್ನೆಲ್ಲ ನೋಡಿ, “ಹಾಲು” ಅಂದ.

ಹೋಗುವ ಜೀವ ಹಾಲು ಕೇಳಿದರೆ ಅದಕ್ಕಿಂತ ಭಾಗ್ಯ ಉಂಟೆ? ಬೆಳ್ಳಿಯಪ್ಪ ಪಂಚೆ ಬಿಗಿದು, ಪೂರ್ವಕ್ಕೆ ತಿರುಗಿ, ಒಂದು ಚಮಚ ಬಿಟ್ಟ. ಗುರುಸಾಮಿ ಅದನ್ನು ಅಣ್ಣನ ಹೊಸ ಅಂಗಿಯ ಮೇಲೆ ಉಗಿದ.

“ಹಾಲು,” ಅಂದ ಮತ್ತೆ.

“ಪ್ಯಾಕೆಟ್ ಹಾಲು ಅವನಿಗೆ ಆಗದು,” ಅಂದರು ಒಬ್ಬರು. ಹಸುವಿನದು ಬಂತು. ಉಗಿದ. “ಎಮ್ಮೇದು ತನ್ನಿ.” ಉಗಿದ. ಸಕ್ಕರೆ ಹಾಕಿದರು, ಏಲಕ್ಕಿ ಹಾಕಿದರು. ಎದುರುಮನೆಯ ಮೇಕೆಯನ್ನು ಮಂಚದ ಪಕ್ಕಕ್ಕೇ ಎಳೆತಂದು ಕರೆದರು. ಸಾಯುವವನಿಗೆ ಅಷ್ಟು ಉಸಿರು ಎಲ್ಲಿತ್ತೋ, ಉಗಿದದ್ದು ಗೋಡೆಯ ಕ್ಯಾಲೆಂಡರಿಗೆ ಹೋಗಿ ಬಿತ್ತು. ನೂಲುಪೇಟೆಯಲ್ಲಿ ಆ ದಿನ ಕಾಫಿಗೆ ಒಂದು ತೊಟ್ಟು ಹಾಲು ಉಳಿಯಲಿಲ್ಲ.

ಕೊನೆಗೆ ಅಂಗಡಿಯ ಹಾಲಿನ ಪಾತ್ರೆಯನ್ನೇ ಎತ್ತಿಕೊಂಡು ಮುತ್ತುಸಾಮಿ ಓಡಿಬಂದ. ಅವನ ಕಿವಿ ತಮಿಳು ಕಿವಿ. ಹಾಲು ಅಂದರೆ ಆ ಕಿವಿಗೆ ಮೊದಲು ಕೇಳುವುದು ಕಟ್ಟಡ. ಗೆಳೆಯನ ತುಟಿಯ ಹತ್ತಿರ ಬಗ್ಗಿ ಕೇಳಿದ: “ಹಾಲಾ? ನಮ್ಮ ಟೌನ್ ಹಾಲಾ?”

ಗುರುಸಾಮಿ ನಕ್ಕ. ನಕ್ಕವನು ಹಾಗೇ ಹೋಗಿಬಿಟ್ಟ. ನಕ್ಕದ್ದು ಮುತ್ತುಸಾಮಿಯ ಮಾತಿಗೋ, ಉಗಿದರೂ ಒಂದಿಷ್ಟು ಗಂಟಲಿಗೆ ಇಳಿದಿದ್ದ ಮೇಕೆಯ ಹಾಲಿಗೋ, ಕೇಳೋಣವೆಂದರೆ ಆಳಿಲ್ಲ.

*

ಮೂರುದಾರಿಯವರೆಗೆ ಬಂದು ನಿಂತು, ಅಲ್ಲಿಂದ ಹಿಂದಿರುಗಬೇಕಾದ ಹೆಂಗಸರ ಗುಂಪಿನಲ್ಲಿ ಪಂಕಜಂ ಇದ್ದಳು. ಗಂಡನ ಚಟ್ಟ ಎಷ್ಟು ಸುತ್ತು ಸುತ್ತಿತೋ ಅಷ್ಟನ್ನೂ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಮುಂದೆ ಬಂದಳು.

“ಬಲಕ್ಕೆ ತಿರುಗಿಸಿ.”

“ಹೆಂಗಸರು ಇಲ್ಲಿಂದ ಮುಂದೆ ಬರೋ ಹಾಗಿಲ್ಲ ಪಂಕಜಂ. ಮಸಣಕ್ಕೆ ಹೆಂಗಸರು...”

“ಹಾಲು ಏನು ಮಸಣವಾ ಭಾವ? ಅಲ್ಲಿ ಕೌನ್ಸಿಲರುಗಳು ಕೂತ್ಕತ್ತಾರೆ.”

“ಎರಡಕ್ಕೂ ಜಾಸ್ತಿ ವಿತ್ಯಾಸ ಇಲ್ಲೀಂಗೋ,” ಅಂದ ತಮಟೆಯವನೊಬ್ಬ. ಹೆಣ ಹೊತ್ತವರೂ ನಕ್ಕರು. ಆ ನಗೆಯಲ್ಲಿ ಚಟ್ಟ ತಾನಾಗಿ ಬಲಕ್ಕೆ ವಾಲಿತು.

ಬೆಳ್ಳಿಯಪ್ಪ ಸುಮ್ಮನೆ ಸೋಲುವ ಪೈಕಿಯಲ್ಲ. “ಸರಿ ಕಣಮ್ಮ, ನಡಿ. ನಾನೂ ಬತ್ತೀನಿ. ಆ ಹಾಲೊಳಗೆ ಒಂದು ಹಿಂಡು ಆನೆ ಹಿಡೀತದೆ ಅಂತ ಊರೂರಿಗೆಲ್ಲ ಸಾರಿದ್ನಲ್ಲ ನಿನ್ನ ಗಂಡ? ಇವತ್ತು ಬಾಗ್ಲು ತೆಗೆಸಿ ನೋಡೇಬಿಡ್ತೀನಿ. ಸುಳ್ಳಾಗಿದ್ರೆ ಅಲ್ಲೇ ಹೇಳ್ತೀನಿ, ನಾಕು ಜನರ ಎದುರಿಗೆ, ಅವನೆದುರಿಗೇ!”

ಪಂಕಜಂ ಸಿಕ್ಕಿಸಿದ ಸೆರಗನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸಿಕ್ಕಿಸಿದಳು. ಗುರುಸಾಮಿಯ ಒಂದು ವಿಷಯ ಅವಳಿಗೆ ಗೊತ್ತಿತ್ತು. ಆ ವಿಷಯ ಪ್ರಾಣಸ್ನೇಹಿತ ಮುತ್ತುಸಾಮಿಗೂ ಗೊತ್ತಿರಲಿಲ್ಲ.

*

ಹಾಲಿನ ಕಾಂಪೌಂಡು ಗೋಡೆಗೆ ಬೆನ್ನು ಕೊಟ್ಟು ಗುರುಸಾಮಿ ಟವೆಲು ದುಪ್ಪಟಿ ಮಾರುತ್ತಿದ್ದ. ಮಾರುತ್ತಿದ್ದ ಅನ್ನುವುದು ಹೆಸರಿಗೆ. ಅವನ ನಿಜವಾದ ವ್ಯಾಪಾರ ಹಾಲಿನ ಕತೆ, ಟವೆಲು ಅದರ ಜೊತೆಗೆ ಕೊಸರು.

“ಇಂಗ್ಲಿಷ್ ರಾಣಿಯಮ್ಮನ ಕಾಲದ್ದುಂಗೋ ಇದು,” ಎಂದು ಶುರುಮಾಡುತ್ತಿದ್ದ. “ಇದರ ಗಾರೆಗೆ ಕೋಳಿಮೊಟ್ಟೆ ಹಾಕಿದ್ದಾರೆ. ಅವಿನಾಶಿಯಿಂದ ಆನೈಮಲೈವರೆಗೆ ಒಂದು ಕೋಳೀನೂ ಆ ಕಾಲದಲ್ಲಿ ಮರಿ ಮಾಡ್ಲಿಲ್ಲ. ಇಟ್ಟಿದ್ದೆಲ್ಲ ಗೋಡೆಗೆ! ಈಗ್ಲೂ ಬೆಳಗಿನ ಜಾವ ಕಿವಿ ಇಟ್ಟು ಕೇಳಿ, ಗೋಡೆ ಕೂಗ್ತದೆ.”

ಅಂದದ್ದು ಪೂರಾ ಸುಳ್ಳೂ ಅಲ್ಲ. ಸುಣ್ಣಕ್ಕೆ ಮೊಟ್ಟೆಯ ಬಿಳಿ, ಬೆಲ್ಲ, ಅಳಲೆಕಾಯಿಯ ನೀರು ಸೇರಿಸಿ ಅರೆದ ಗಾರೆ ಅದು, ಇಂದಿಗೂ ಉಗುರಿಗೆ ಬಗ್ಗದು. ಹತ್ತಿ ವ್ಯಾಪಾರಿಗಳು ಚಂದಾ ಎತ್ತಿ ಕಟ್ಟಿಸಿದ ಹಾಲ್. ಮುಂದೆ ಕುದುರೆಗಾಡಿ ನಿಲ್ಲಲು ಕಮಾನಿನ ಚಾವಣಿ, ಹೊಟ್ಟೆ ಉಬ್ಬಿದ ಕಂಬಗಳು, ಮೇಲೆ ಮಂಗಳೂರು ಹೆಂಚು, ಅದರ ನೆತ್ತಿಯಲ್ಲಿ ಗಾಳಿಗೆ ತಿರುಗುವ ಕಬ್ಬಿಣದ ಹುಂಜ. ಆ ಹುಂಜ ಮುಖ ತಿರುಗಿಸಿದ ಕಡೆಗೇ ಮೋಡ ಹೋಗುತ್ತದೆ ಎಂದು ಗುರುಸಾಮಿ. ಒಳಗಿನ ಬಣ್ಣನೆಗೆ ಬಂದರಂತೂ ಅವನನ್ನು ಹಿಡಿಯುವವರಿಲ್ಲ. ತೇಗದ ಮಹಡಿ ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಮದುಮಗಳು ಮುದುಕಿಯಾಗುತ್ತಾಳೆ. ಒಬ್ಬ ಕೌನ್ಸಿಲರ್ ಸೋಮವಾರ ಕೆಮ್ಮಿದರೆ ಅದರ ಮಾರ್ದನಿ ಗುರುವಾರ ಬರುತ್ತದೆ. ಒಂದು ಹಿಂಡು ಆನೆ ಒಳಗೆ ಹೋಗಿ, ಮಲಗಿ, ಒಂದಕ್ಕೊಂದು ತಾಗದೆ ಹೊರಳಬಹುದು.

ಪಕ್ಕದಲ್ಲಿ ಕೂತು ಟವೆಲು ಮಡಿಸುತ್ತಿದ್ದ ಪಂಕಜಂ ನಿಜದ ಮನುಷ್ಯಳು. ಗಂಡ “ಮೊಣಕಾಲು ದಾಟೋ ಟವೆಲು” ಅಂದರೆ, “ದಾಟಲ್ಲ, ಮೊಣಕಾಲ ತನಕ ಬರ್ತದೆ” ಅನ್ನುವಳು. ಇದರಿಂದ ಅವರ ಅಂಗಡಿಗೆ ಎಷ್ಟು ಗಿರಾಕಿ ಬಂದರೋ ಅಷ್ಟೇ ಗಿರಾಕಿ ವಾಪಸು ಹೋದರು.

ಒಮ್ಮೆ ಹಾಲಿಗೆ ಹೊಸ ಬಣ್ಣ ಹೊಡೆದು, ಅದರ ಹುಟ್ಟುಹಬ್ಬವೆಂದು ಎಲ್ಲರಿಗೂ ಬಾಗಿಲು ತೆರೆದರು. ಊರಿಗೆ ಊರೇ ನುಗ್ಗಿತು. ಪಂಕಜಂ ಗಂಡನ ಕೈ ಹಿಡಿದು ಎಬ್ಬಿಸಿದಳು. “ಬನ್ನಿ. ಇಷ್ಟು ವರ್ಷ ಹೇಳಿದ್ರಲ್ಲ, ನಂಗೂ ತೋರಿಸಿ.”

ಗುರುಸಾಮಿ ಮೆಟ್ಟಿಲವರೆಗೆ ಬಂದ. ಒಂದು ಕಾಲು ಮೇಲಿಟ್ಟ. ಅಲ್ಲೇ ನಿಂತುಬಿಟ್ಟ.

“ಏನಾಯ್ತು?”

“ಬೇಡ ಪಂಕಜಂ.”

“ಯಾಕೆ? ದಿನಾ ಹೋಗ್ತಿದ್ರಲ್ಲ?”

ಗುರುಸಾಮಿ ಅತ್ತಿತ್ತ ನೋಡಿದ. ದನಿ ತಗ್ಗಿಸಿದ. “ಎಲ್ಲಿ ಹೋಗಿದ್ದೀನಿ? ಒಂದ್ ಸಲಾನೂ ಹೋಗಿಲ್ಲ. ಇವತ್ತು ನೋಡ್ಬಿಟ್ರೆ, ನಾಳೆಯಿಂದ ನೋಡಿದ್ದನ್ನೇ ಹೇಳ್ಬೇಕಾಗ್ತದೆ.”

ಪಂಕಜಂಗೆ ಸಿಟ್ಟು ಬಂತು, ನಗುವೂ ಬಂತು. ಕೊನೆಗೆ ಇಬ್ಬರೂ ವಾಪಸು ಬಂದು ಟವೆಲಿನ ಮುಂದೆ ಕೂತರು. ಹಾಲಿನೊಳಗಿಂದ ಹೊರಬಂದವರಿಗೆಲ್ಲ ಗುರುಸಾಮಿ ಆ ಸಂಜೆ ಹಾಲಿನ ಒಳಗನ್ನು ಬಣ್ಣಿಸಿದ. ಆಶ್ಚರ್ಯವೆಂದರೆ, ಈಗತಾನೆ ಕಣ್ಣಾರೆ ನೋಡಿ ಬಂದವರೂ ಬಾಯಿ ತೆರೆದು ಕೇಳಿದರು.

*

ಮೆರವಣಿಗೆ ಹಾಲಿನ ಮುಂದೆ ಬಂದು ನಿಂತಾಗ, ಯಾರೂ ಎಣಿಸದ ಒಂದು ಅನಾಹುತವಾಯಿತು. ನಗರಸಭೆಯವರು ಇದನ್ನು ಪೋರಾಟ, ಪ್ರತಿಭಟನೆ ಎಂದು ತಿಳಿದರು. ಹೆಣ ಇಟ್ಟು ಕೂಗುವವರು ಈ ಊರಿಗೆ ಹೊಸಬರೇನಲ್ಲ. ಗೇಟಿನ ಕಾವಲುಗಾರ ಓಡಿದ, ಪೊಲೀಸರಿಬ್ಬರು ಟೋಪಿ ಹುಡುಕಿದರು, ಮ್ಯಾನೇಜರ್ ದಂಡಪಾಣಿ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದರು.

“ಎನ್ನಂಗೋ ಪ್ರಚ್ಚನೆ? ಏನು ತೊಂದರೆ? ನೀರಾ? ಚರಂಡಿಯಾ? ಅದನ್ನ ಮೊದಲು ಹೇಳಿ!”

ಕೇಳಿದ ಮೇಲೆ ಸುಮ್ಮನಿರುವುದುಂಟೆ? “ನೀರು!” ಎಂದಳು ಹಿಂದಿನಿಂದ ಒಬ್ಬಳು. “ನಲ್ಲೀಲಿ ಬರೀ ಗಾಳಿ ಬರ್ತದೆ!”

“ನಾಳೆಯಿಂದ ಬರ್ತದಮ್ಮ, ನಾನು ಗ್ಯಾರಂಟಿ,” ಎಂದರು ದಂಡಪಾಣಿ. ಬದುಕಿದ್ದಾಗ ಒಂದು ಸೊಳ್ಳೆಯ ಬಗ್ಗೆಯೂ ದೂರು ಕೊಡದ ಗುರುಸಾಮಿ, ಸತ್ತು ಒಂದು ಬೀದಿಗೆ ಕಾವೇರಿಯನ್ನೇ ಹರಿಸಿದ ಅಂತ ಮುಂದೆ ಮುತ್ತುಸಾಮಿ ಹೇಳಿಕೊಂಡು ತಿರುಗಿದ್ದು ಇದನ್ನೇ.

ಪಂಕಜಂ ಮುಂದೆ ಬಂದಳು. “ಸಾರ್, ನಮಗೇನೂ ಬೇಡ. ನನ್ನ ಯಜಮಾನರು ಹಾಲು ನೋಡ್ಬೇಕಂದ್ರು. ಬಾಗ್ಲು ತೆಗೀರಿ.”

ದಂಡಪಾಣಿ ಚಟ್ಟದೊಳಗಿನ ಮುಖ ನೋಡಿದರು. “ಅಯ್ಯೋ, ನಮ್ಮ ಟವೆಲ್ ಗುರುಸಾಮಿ!” ಎಂದರು. “ಇವರು ನೋಡದ ಹಾಲೇನಮ್ಮ! ಇಲ್ಲಿಗೆ ವರ್ಗವಾಗಿ ಬಂದಾಗ ನನಗೇ ಈ ಹಾಲಿನ ಕತೆ ಹೇಳಿದವರು ಇವರು. ಆದರೆ ಒಳಗೆ ಮೀಟಿಂಗ್ ನಡೀತಿದೆ, ಹೆಣ ಬಿಡೋ ಹಾಗಿಲ್ಲ. ಮನೆಯವರು ಒಬ್ಬರು ಬೇಕಾದ್ರೆ ಬಾಗಿಲಲ್ಲಿ ನಿಂತು ನೋಡಿ ಬರಲಿ.”

“ನಾನು ಬತ್ತೀನಿ,” ಎಂದು ಬೆಳ್ಳಿಯಪ್ಪ ಆಗಲೇ ಮೆಟ್ಟಿಲೇರಿದ್ದ. “ನಾನು ಅವನ ಅಣ್ಣ.”

“ನೀವಮ್ಮ?”

“ಹೆಂಡ್ತಿ.”

“ಹಾಗಾದ್ರೆ ಸಂಸಾರವೇ ಹೋಗಲಿ,” ಎಂದು ದಂಡಪಾಣಿ ಬೆಳ್ಳಿಯಪ್ಪನನ್ನು ಕೆಳಗಿಳಿಸಿದರು.

ಪಂಕಜಂ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಬಾಗಿಲಲ್ಲಿ ನಿಂತು ನೋಡಿದಳು. ಇಷ್ಟೇನಾ, ಅಂದುಕೊಂಡಳು. ಅವಳ ತಮ್ಮನ ಮದುವೆಯಾದ ಕಲ್ಯಾಣಮಂಟಪ ಇದಕ್ಕಿಂತ ದೊಡ್ಡದಿತ್ತು. ತೇಗದ ತೊಲೆಗಳು ಕಾಣದಂತೆ ಕೆಳಗೆ ಬಿಳಿ ಹಲಗೆಯ ಸೂರು ಹೊಡೆದಿದ್ದರು. ಮಹಡಿ ಮೆಟ್ಟಿಲು ಹತ್ತು ಹೆಜ್ಜೆಗೆ ಮುಗಿದು, ಮುರಿದ ಕುರ್ಚಿಗಳ ರಾಶಿಯಲ್ಲಿ ಕಳೆದುಹೋಗಿತ್ತು. ಏಸಿ ಗೊರಗುಟ್ಟುತ್ತಿತ್ತು, ಅದಕ್ಕೆ ಶ್ರುತಿ ಸೇರಿಸಿ ಇಬ್ಬರು ಕೌನ್ಸಿಲರುಗಳು ಗೊರಕೆ ಹೊಡೆಯುತ್ತಿದ್ದರು. ಬಣ್ಣದ ಗಾಜು ಒಂದು ಕಿಟಕಿಯಲ್ಲಿ ಮಾತ್ರ ಉಳಿದಿತ್ತು. ಅದರಿಂದ ಬಿದ್ದ ಕೆಂಪು ಬೆಳಕು ಮೇಜಿನ ಮೇಲಿನ ವಡೆಯ ತಟ್ಟೆಯನ್ನು ಬೆಳಗುತ್ತಿತ್ತು. ಆನೆಯ ಮಾತಿರಲಿ, ಎರಡು ಎಮ್ಮೆ ಬಂದರೆ ಒಂದು ಹೊರಗೆ ನಿಲ್ಲಬೇಕು.

ಆ ಮನುಷ್ಯ ಇದನ್ನು ನೋಡದೆ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು ಅವಳಿಗೆ. ಕೊನೆಗೆ ಯಾಕೆ ಕೇಳಿದ ಎನ್ನುವುದೂ ಹೊಳೆಯಿತು. ನಾಳೆ ಯಾರಿಗೂ ಹೇಳುವ ಹಾಗಿಲ್ಲವಲ್ಲ, ಇನ್ನು ನೋಡಿದರೆ ನಷ್ಟವಿಲ್ಲ ಅಂದುಕೊಂಡಿರಬೇಕು. ನಗು ಉಕ್ಕಿ ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ತಿಳಿದು ಒಬ್ಬ ಕೌನ್ಸಿಲರ್ ಎದ್ದು ನಿಂತ. ಅವನನ್ನು ನೋಡಿ ಉಳಿದವರೂ ಎದ್ದರು. ನಿದ್ದೆಯಲ್ಲಿದ್ದವರು ರಾಷ್ಟ್ರಗೀತೆಯಿರಬೇಕೆಂದು ನೆಟ್ಟಗಾದರು.

ಅವಳು ಹೊರಗೆ ಬಂದಾಗ ತಮಟೆ ನಿಂತಿತ್ತು. ಮುತ್ತುಸಾಮಿ, ಕಾರ್ತಿ, ಬಸ್ಸಿನಿಂದ ಇಳಿದು ಬಂದ ಪ್ರಯಾಣಿಕರು, ಎಲ್ಲರ ಕಣ್ಣೂ ಅವಳ ಮೇಲೆ.

ಬೆಳ್ಳಿಯಪ್ಪ ಕೆಳಗಿನ ಮೆಟ್ಟಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. “ಹೇಳಮ್ಮ. ನೀನು ಸುಳ್ಳು ಹೇಳೋಳಲ್ಲ, ಊರಿಗೇ ಗೊತ್ತು. ಎಷ್ಟು ದೊಡ್ಡದು ಅದು?”

ಪಂಕಜಂ ಚಟ್ಟದ ಕಡೆ ನೋಡಿದಳು. ಗುರುಸಾಮಿಯ ಮುಖದಲ್ಲಿ ಆ ನಗು ಇನ್ನೂ ಹಾಗೇ ಇತ್ತು.

ಅವಳು ಎರಡು ಕೈಯನ್ನೂ ಮುಂದೆ ಚಾಚಿ, ಮೆಲ್ಲಗೆ ಅಗಲಿಸಿದಳು. ಇನ್ನೂ ಅಗಲಿಸಿದಳು.

“ಸ್ವಲ್ಪ ಹಿಂದಕ್ಕೆ ಸರೀರಿ ಭಾವ,” ಅಂದಳು. “ಕೈಗೆ ಜಾಗ ಸಾಲ್ದು.”

ಬೆಳ್ಳಿಯಪ್ಪ ಒಂದು ಮೆಟ್ಟಿಲು ಇಳಿದ. ಅವಳ ಕೈ ಇನ್ನೂ ಅಗಲವಾಯಿತು. ಅವನ ಹಿಂದಿದ್ದವರು ಸರಿದರು, ಅವರ ಹಿಂದಿದ್ದವರೂ ಸರಿದರು. ಹೆಣ ಹೊತ್ತವರು ಚಟ್ಟದ ಸಮೇತ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆದು, ಗೇಟು ದಾಟಿ, ರಸ್ತೆಯ ನಡುವೆ ಹೋಗಿ ನಿಂತರು.